ಗುರುತು ಹಾಕಿದ ಜಾಗ

11 ಆಗಸ್ಟ್ 2008, ಅರಸೀಕೆರೆ

ಬೆಳಗಿನ ಪಾಳಿ. ಟಿಕೆಟ್ ಕೌಂಟರಿನಲ್ಲಿ ಹುಬ್ಬಳ್ಳಿ ಕಡೆಯ ಜನವೇ ಜಾಸ್ತಿ. ಚಿಲ್ಲರೆ ಇಲ್ಲ ಅಂದರೆ ನನ್ನ ಮುಖ ನೋಡಿ ಬೈಯುತ್ತಾರೆ, ರೈಲ್ವೆ ಮಂತ್ರಿ ನಾನೇ ಅನ್ನುವ ಹಾಗೆ. ಹೊಸದಾಗಿ ಬಂದ ಮೇಲಧಿಕಾರಿ ನನ್ನ ಹೆಸರು ಕೇಳಿ ನಕ್ಕ. ಗಿಡ್ಡಮ್ಮ. ಇಷ್ಟು ಉದ್ದ ಇದ್ದೀರಲ್ಲ ಮೇಡಂ ಅಂದ. ಹೆಸರು ನಮ್ಮಜ್ಜಿಯದು, ಉದ್ದ ನನ್ನದು ಅಂದೆ.

ಮಧ್ಯಾಹ್ನಕ್ಕೆ ಮುಂಚೆ ಕೋಮಲ ಬಂದಳು. ತಂಗಿ. ಗೆಂಡೆಹಳ್ಳಿಯಿಂದ ಬೇಲೂರು, ಬೇಲೂರಿಂದ ಇಲ್ಲಿಗೆ ಬಸ್ಸು. ಎದುರಿನ ಬೆಂಚಿನಲ್ಲಿ ಕೂತಳು. ಎದ್ದಾಗ ಬೆಂಚು ಕೆಂಪಗಿತ್ತು. ಸೆರಗಿನಿಂದ ಒರೆಸಲು ಹೋದಳು. ಬಿಡು ಅಂದೆ. ನಾನೇ ಒರೆಸಿದೆ. ಸಾಲಿನಲ್ಲಿದ್ದ ಗಂಡಸರೆಲ್ಲ ಬೇರೆ ಕಡೆ ನೋಡಿದರು. ಇವರನ್ನು ಹೆತ್ತವರಿಗೆ ರಕ್ತವೇ ಇರಲಿಲ್ಲ ಅನ್ನುವ ಹಾಗೆ.

ಕ್ವಾರ್ಟರ್ಸಿಗೆ ಕರೆತಂದು ಮಲಗಿಸಿದೆ. ಗರ್ಭಕೋಶದಲ್ಲಿ ಗೆಡ್ಡೆ. ಹಾಸನದ ನರ್ಸಿಂಗ್ ಹೋಮಿನವನು ಹೇಳಿದ್ದು ಒಂದೇ ಮಾತು — ತೆಗೆಸಿಬಿಡಿ. ಗೆಡ್ಡೆಯನ್ನಲ್ಲ, ಕೋಶವನ್ನೇ. ಗೆಡ್ಡೆ ಮಾತ್ರ ತೆಗೆಯೋಕೆ ಆಗಲ್ವಾ ಅಂತ ಇವಳು ಕೇಳಿದ್ದಾಳೆ. ಗೋಡೆಯೊಳಗೆ ಕೂತಿದೆ, ನಿನ್ನ ಮೈಯಲ್ಲಿ ಅಷ್ಟು ರಕ್ತವೂ ಇಲ್ಲ, ತೆರೆದರೆ ಪೂರ್ತಿ ತೆಗೆಯೋದೇ ಅಂದನಂತೆ.

ಮೂವತ್ತೆರಡು ವಯಸ್ಸು. ಎರಡು ಬಸಿರು ಇಳಿದು ಹೋಗಿವೆ. ಇನ್ನೊಂದು ನಿಲ್ಲುತ್ತದೆ ಅನ್ನುವ ಆಸೆಯೊಂದರ ಮೇಲೆ ಆ ಮನೆಯಲ್ಲಿ ನಿಂತಿದ್ದಾಳೆ.

ನಮ್ಮ ಕೇರಿಗಳಲ್ಲಿ ನಲವತ್ತು ದಾಟಿ ಗರ್ಭಕೋಶ ಉಳಿಸಿಕೊಂಡ ಹೆಂಗಸನ್ನು ಹುಡುಕಬೇಕು. ಸೊಂಟ ನೋವೇ? ತೆಗೆ. ಬಿಳಿ ಹೋಗುತ್ತದೆಯೇ? ತೆಗೆ. ಬಡವರ ಹೆಂಗಸಿನ ಹೊಟ್ಟೆ ಈ ದೇಶದಲ್ಲಿ ಚಿಲಕವಿಲ್ಲದ ಬಾಗಿಲು. ಯಾರು ಬೇಕಾದರೂ ಒಳಗೆ ಬರಬಹುದು, ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹೋಗಬಹುದು.

ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಕೇಳಿದಳು — "ಅಕ್ಕ, ಇದೂ ಹೋದ್ರೆ ನಾನು ಏನಾಯ್ತೀನಿ?"

"ಕೋಮಲಾನೇ ಆಗಿರ್ತೀಯ."

"ನಿಂಗೆ ಭಾಷಣ ಬತ್ತೈತೆ. ನಮ್ಮತ್ತೆ ಮುಂದೆ ಮಾಡು ಹೋಗು ಅದ್ನ."

17 ಆಗಸ್ಟ್

ಕುಮಾರನ ಫೋನು. ನಾನು ಓಡಾಡಿದ ಹೋರಾಟದ ಸಂಘದ ಹಳೆಯ ಗೆಳೆಯ. ಜಾಥಾಗಳಲ್ಲಿ ತಮಟೆ ಬಾರಿಸುತ್ತಿದ್ದವನು, ಈಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೌಕರರ ಯೂನಿಯನ್ ಕಾರ್ಯದರ್ಶಿ.

"ಅಕ್ಕ, ನಮ್ಮಲ್ಲಿ ಹೊಸ ಮಿಷನ್ನು ಬಂದೈತೆ. ಕೊಯ್ಯಲ್ಲ, ಹೊಲಿಯಲ್ಲ. ಶಬ್ದದಲ್ಲಿ ಗೆಡ್ಡೆ ಸುಡೋದು."

ಬಸುರಿಯರ ಹೊಟ್ಟೆ ನೋಡುವ ಅದೇ ಅಲ್ಟ್ರಾಸೌಂಡ್. ಕಿವಿಗೆ ಕೇಳದ ಶಬ್ದ. ಅದನ್ನು ನೂರಾರು ಕಡೆಯಿಂದ ಒಂದೇ ಬಿಂದುವಿಗೆ ಸೇರಿಸುತ್ತಾರೆ. ಭೂತಗನ್ನಡಿ ಬಿಸಿಲನ್ನು ಕಾಗದದ ಮೇಲೆ ಸೇರಿಸುತ್ತದಲ್ಲ, ಹಾಗೆ. ಸೇರಿದಲ್ಲಿ ಮಾತ್ರ ಕಾವು. ಒಳಗೆ ಗೆಡ್ಡೆ ಬೇಯುತ್ತದೆ, ಮೇಲೆ ಚರ್ಮ ತಣ್ಣಗಿರುತ್ತದೆ. ಕಾವು ಎಲ್ಲಿದೆ, ಎಷ್ಟಿದೆ ಅಂತ ಎಮ್ಆರ್‌ಐ ಚಿತ್ರದಲ್ಲಿ ನೋಡುತ್ತಲೇ ಇರುತ್ತಾರೆ. ಇನ್ನೂ ಅಧ್ಯಯನದ ಹಂತ. ಆಯ್ಕೆಯಾದ ಹೆಂಗಸರಿಗೆ ಪುಕ್ಕಟೆ.

ಪುಕ್ಕಟೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. "ನಮ್ಮ ಮೈ ಮೇಲೆ ಕಲೀತಾರೇನೋ?"

"ಹೂಂ, ಕಲೀತಾರೆ. ನಿಮ್ಮ ಹಾಸನದೋನು ಕಲೀದೇನೇ ಕೊಯ್ತಾನೆ. ಯಾವ್ದು ಬೇಕು ಹೇಳು."

ಕೋಮಲನಿಗೆ ಹೇಳಿದೆ. ಕೇಳಿದ್ದು ಇಷ್ಟೇ — "ತೆಗಿಯಲ್ಲ ತಾನೆ?"

2 ಸೆಪ್ಟೆಂಬರ್, ರೈಲಿನಲ್ಲಿ

ಅಕ್ಷರ ಕುಣಿಯುತ್ತಿವೆ. ಆದರೂ ಈಗಲೇ ಬರೆಯಬೇಕು.

ಡಾಕ್ಟರ ಹೆಸರು ಚೈತನ್ಯ. ಚಿಕ್ಕ ವಯಸ್ಸು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕನ್ನಡ. ಮೊದಲು ಹೇಳಿದ್ದು — "ಮಕ್ಕಳಾಗುತ್ತೆ ಅಂತ ನಾನು ಹೇಳ್ತಿಲ್ಲ. ಗರ್ಭಕೋಶ ಉಳಿಸೋ ಪ್ರಯತ್ನ, ಅಷ್ಟೇ." ಆ ಮಾತಿಗೆ ನಂಬಿಕೆ ಹುಟ್ಟಿತು. ಆಸೆ ಮಾರುವವನಲ್ಲ.

ಮಿಷನ್ನು ಒಂದು ಮಂಚ. ಮಂಚದಲ್ಲಿ ನೀರಿನ ತೊಟ್ಟಿ, ಅದರೊಳಗೆ ಶಬ್ದ ಹೊರಡುವ ತಟ್ಟೆ. ಹೊಟ್ಟೆ ಕೆಳಗೆ ಮಾಡಿ ಬೋರಲು ಮಲಗಬೇಕು. ಆದರೆ ಅದಕ್ಕೂ ಮುಂಚೆ ಪ್ಲಾನಿಂಗ್. ಅದೇ ದೊಡ್ಡ ಕೆಲಸ ಅಂದರು. ಶಬ್ದ ಚರ್ಮದ ಯಾವ ಜಾಗದಿಂದ ಒಳಗೆ ಹೋಗಬೇಕು, ದಾರಿಯಲ್ಲಿ ಏನು ಸಿಗುತ್ತದೆ. ಕರುಳು ಅಡ್ಡ ಬರಬಾರದು. ಮೂಳೆ ಅಡ್ಡ ಬರಬಾರದು. ಗಾಯದ ಕಲೆ ಅಡ್ಡ ಬರಬಾರದು.

ಹೊಟ್ಟೆ ನೋಡಿದರು. ನಿಂತರು.

"ಇದೇನಮ್ಮ?"

"ಬರೆ ಸಾರ್."

ಡಾಕ್ಟರು ಪೆನ್ನು ತೆಗೆದರು. "ಹೇಳಿ, ಏನು ಬರೀಲಿ?"

ಕೋಮಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದು. "ಬರಿಯದಲ್ಲ ಸಾರ್. ಬರೆ. ಕಾಯ್ಸಿ ಹಾಕ್ತಾರಲ್ಲ, ಅದು."

ನಾನು ಬಿಡಿಸಿ ಹೇಳಿದೆ. ಕೈಗೂಸಾಗಿದ್ದಾಗ ಫಿಟ್ಸ್ ಬಂದಿತ್ತು. ಹೊಕ್ಕುಳ ಕೆಳಗೆ ಅಡ್ಡಕ್ಕೆ, ಕಾದ ಬಳೆಚೂರಿನಿಂದ ಒಂದು ಸಾಲು. ಆಗ ಕೂಸಿನ ಹೊಟ್ಟೆಯಷ್ಟಿತ್ತು. ಮೈ ಬೆಳೆದ ಹಾಗೆ ಅದೂ ಬೆಳೆದಿದೆ. ಈಗ ಅಂಗೈ ಅಗಲ, ನುಣ್ಣಗೆ ಹೊಳೆಯುತ್ತದೆ.

ಡಾಕ್ಟರು ನಗಲಿಲ್ಲ. ಕಲೆಯ ಉದ್ದಕ್ಕೂ ಮೀನೆಣ್ಣೆ ಮಾತ್ರೆಗಳನ್ನು ಟೇಪಿನಲ್ಲಿ ಅಂಟಿಸಿದರು. ಎಮ್ಆರ್‌ಐನಲ್ಲಿ ಚರ್ಮದ ಕಲೆ ಕಾಣುವುದಿಲ್ಲ, ಎಣ್ಣೆ ಕಾಣುತ್ತದಂತೆ. ಆಮೇಲೆ ಪರದೆಯಲ್ಲಿ ತೋರಿಸಿದರು. ಬಿಳಿ ಮಣಿಗಳ ಸಾಲು, ನೇರ ಅದರ ಹಿಂದೆ ಗೆಡ್ಡೆ. ನಡುವೆ ಇರುವ ಒಂದೇ ದಾರಿಯ ಬಾಗಿಲಿಗೆ ಬರೆ.

"ಕಲೆ ಇರೋ ಚರ್ಮ ಶಾಖ ಹಿಡ್ಕೊಂಡುಬಿಡುತ್ತೆ. ಒಳಗೆ ಹೋಗೋಕೆ ಮುಂಚೆ ಅಲ್ಲೇ ಸುಡುತ್ತೆ. ದಾರಿ ಓರೆ ಮಾಡಬೇಕು. ಓರೆ ಮಾಡಿದ್ರೆ ಕರುಳು ಅಡ್ಡ ಬರ್ತಿದೆ. ಮೂತ್ರ ತುಂಬಿಸ್ಕೊಂಡಿದ್ರೆ ಕರುಳು ಮೇಲಕ್ಕೆ ಸರಿಯಬಹುದು. ನೋಡೋಣ."

ಮುಂದಿನ ತಿಂಗಳು ಮತ್ತೆ ಬರಬೇಕು. ಅಷ್ಟರಲ್ಲಿ ಕಬ್ಬಿಣದ ಮಾತ್ರೆ, ಮತ್ತೆ ಅಲುಗದೆ ಬೋರಲು ಮಲಗುವ ಅಭ್ಯಾಸ.

ಕೋಮಲ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಾಳೆ. ಕೈ ಹೊಟ್ಟೆಯ ಮೇಲೆ.

7 ಸೆಪ್ಟೆಂಬರ್, ಹುಲಿಕೆರೆ

ಅವ್ವನ ಹತ್ತಿರ ಬಂದೆ. ಕೇಳಲೇಬೇಕಿತ್ತು. ರಾಗಿ ಕಳೆ ಕಿತ್ತು ಆಗತಾನೆ ಬಂದಿದ್ದಳು. ಕೆಂಚಮ್ಮ ಅಂದರೆ ಈ ಸುತ್ತಿನಲ್ಲಿ ಕಳೆ ಕೀಳುವುದಕ್ಕೂ ಹೆಸರು, ಬಾಯಿಗೂ ಹೆಸರು.

"ಯಾರು ಹಾಕಿದ್ದವ್ವ ಅದ್ನ?"

"ಚನ್ನಪ್ಪನ ಅಪ್ಪ. ಊರಿಗೆಲ್ಲ ಬರೆ ಹಾಕೋರು ಅವ್ರೇ ಅಲ್ವಾ, ಅಪ್ಪ ಮಗ. ಆಸ್ಪತ್ರೆ ಎಲ್ಲಿತ್ತೇ ಗಿಡ್ಡಿ ಆವಾಗ? ಮಳೆ ಹಿಡ್ಕಂಡಿತ್ತು. ಕೂಸು ನೀಲಿ ತಿರುಗ್ತಿತ್ತು. ಬಂದ, ಹಾಕ್ದ. ಅಳ್ತು. ಅತ್ತಿದ್ದೇ ನಂಗೆ ಸಾಕಾಗಿತ್ತು."

"ಹಾಕದೇ ಇದ್ರೂ ಅಳ್ತಿತ್ತು ಕಣವ್ವ. ಫಿಟ್ಸು ತಾನಾಗೇ ನಿಲ್ತದೆ."

"ಇರ್ಬೋದು. ನೀನು ಹೆತ್ತಿಲ್ಲ."

ಎದ್ದು ಹೊರಗೆ ಬಂದೆ. ಹೊಯ್ಸಳರ ಕೊಳ ನೋಡಲು ಬಂದ ಯಾರೋ ಕಾರಿನವರು ಮೆಟ್ಟಿಲು ಚಂದ ಅಂತ ಫೋಟೋ ತೆಗೆಯುತ್ತಿದ್ದರು. ಎಂಟು ನೂರು ವರ್ಷದ ಕಲ್ಲಿಗೆ ಒಂದು ತರಚು ಆಗಬಾರದು. ಕೇರಿಯ ಕೂಸಿಗೆ ಕಾದ ಬಳೆಚೂರು. ಯಾರ ಮೇಲೆ ಕೂಗಲಿ? ಅವ್ವನ ಮೇಲೆ ಕೂಗಿ ಬಂದೆ. ಅದೇ ಸುಲಭ.

21 ಸೆಪ್ಟೆಂಬರ್, ಗೆಂಡೆಹಳ್ಳಿ

ಬೋರಲು ಮಲಗುವ ತಾಲೀಮು. ಚಾಪೆಯ ಮೇಲೆ ಕೋಮಲ, ಹೊಟ್ಟೆ ತುಂಬ ನೀರು ಕುಡಿದು. ಪಕ್ಕದಲ್ಲಿ ನಾನು. ಬಾಗಿಲಲ್ಲಿ ಅವಳ ಅತ್ತೆ ದೇವೀರಮ್ಮ, ಎಲೆಅಡಿಕೆ ಜಗಿಯುತ್ತಾ.

"ಹೆಣ್ಣೆಂಗ್ಸು ಹಿಂಗೆ ಕವುಚಿ ಮನೀಕಂಡ್ರೆ ಮನೆಗೆ ಏಳ್ಗೆಯಾ ಗಿಡ್ಡವ್ವ?"

"ಡಾಕ್ಟ್ರು ಹೇಳವ್ರೆ ಅತ್ತೆ."

"ಡಾಕ್ಟ್ರ ಹೆಂಡ್ತಿ ಹಿಂಗೇ ಮನೀಕತ್ತಾಳಾ?"

ಚಾಪೆಯಲ್ಲಿ ಮುಖ ಹುದುಗಿಸಿದ್ದ ಕೋಮಲ — "ನಗಿಸ್ಬೇಡಿ, ಉಚ್ಚೆ ಬತ್ತೈತೆ."

ದೇವೀರಮ್ಮನೂ ನಕ್ಕಳು. ಕೆಟ್ಟವಳಲ್ಲ. ಮೊಮ್ಮಗು ಬೇಕು, ಅಷ್ಟೇ. ಸಿಗದಿದ್ದರೆ ಮಗನಿಗೆ ಇನ್ನೊಬ್ಬಳು. ಅದನ್ನೂ ನಗುನಗುತ್ತಲೇ ಹೇಳುತ್ತಾಳೆ, ಹಸು ಬದಲಾಯಿಸುವ ಹಾಗೆ. ಮಗ ಯುವರಾಜ್ ಬೇಲೂರು–ಹಳೇಬೀಡಿನ ಮಧ್ಯೆ ಆಟೋ ಓಡಿಸುತ್ತಾನೆ. ಒಳ್ಳೆಯವನು. ಅಮ್ಮನ ಎದುರಿಗೆ ಅವನ ಒಳ್ಳೆಯತನ ಬಾಯಿ ತೆರೆಯುವುದಿಲ್ಲ.

5 ಅಕ್ಟೋಬರ್, ರೈಲಿನಲ್ಲಿ

ದಾರಿ ಸಿಕ್ಕಿತು.

ಮೂತ್ರ ತುಂಬಿಸಿ, ಸೊಂಟದ ಕೆಳಗೆ ಒಂದು ಜೆಲ್ ದಿಂಬಿಟ್ಟು, ಎಡಕ್ಕೆ ಸ್ವಲ್ಪ ಓರೆ ಮಾಡಿ ಮಲಗಿಸಿದರೆ ಕರುಳು ಸರಿಯುತ್ತದೆ. ಬರೆಯ ಬಲಕ್ಕೆ, ಸ್ವಲ್ಪ ಕೆಳಗೆ, ಕಲೆಯಿಲ್ಲದ ಚರ್ಮ. ಅಲ್ಲಿಂದ ಗೆಡ್ಡೆಗೆ ಇಕ್ಕಟ್ಟಾದರೂ ತೆರವಾದ ದಾರಿ. ಡಾಕ್ಟರು ಪರದೆಯ ಮೇಲೆ ಗೆರೆ ಎಳೆದು ಎಳೆದು, ಕಾಫಿ ಆರಲು ಬಿಟ್ಟು, ಕೊನೆಗೆ — "ಇಷ್ಟು ಜಾಗ ಸಾಕು. ಇದೊಂದೇ ಇರೋದು. ಆದ್ರೆ ಸಾಕು."

ಮಾರ್ಕರ್ ಪೆನ್ನಿನಲ್ಲಿ ಹೊಟ್ಟೆಯ ಮೇಲೆ ಆ ಜಾಗಕ್ಕೆ ಚೌಕ ಬರೆದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮಲಗಿಸುವುದು ಸರಿಯಾಗಿದೆಯೇ ನೋಡಲು. ಅಳಿಸಿಹೋದರೂ ಪರವಾಗಿಲ್ಲ, ಆ ದಿನ ಮತ್ತೆ ಹಾಕುತ್ತೇವೆ ಅಂದರು.

ಕೋಮಲ ಕೇಳಿದಳು — "ಇಲ್ಲಿಂದ್ಲೇ ಒಳಿಕೆ ಹೋಗದಾ ಸಾರ್?"

"ಹೌದಮ್ಮ, ಇಲ್ಲಿಂದಲೇ."

ಅಕ್ಟೋಬರ್ 22ಕ್ಕೆ ದಿನ. ಯಾವುದನ್ನೂ ಬೇಗ ನಂಬುವವಳಲ್ಲ ನಾನು. ಇವತ್ತು ನಂಬಿದ್ದೇನೆ.

6 ಅಕ್ಟೋಬರ್, ಗೆಂಡೆಹಳ್ಳಿ

ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ದೇವೀರಮ್ಮ, ಯುವರಾಜ್, ಅಕ್ಕಪಕ್ಕದ ನಾಲ್ಕು ಹೆಂಗಸರು. ಹುಲಿಕೆರೆಯಿಂದ ಅವ್ವನೂ ಬಂದಿದ್ದಳು. ಮದುವೆ ದಿನ ಊಟದ ಪಂಕ್ತಿಯ ಜಗಳದಿಂದ ಬೀಗಿತ್ತಿಯರಿಬ್ಬರೂ ಮಾತು ಬಿಟ್ಟಿದ್ದರು. ನಿನ್ನೆಯ ಸುದ್ದಿ ಅವರನ್ನೂ ಒಂದೇ ಜಗಲಿಗೆ ಕೂರಿಸಿತು.

ಶಬ್ದ, ಅಲೆ, ಬಿಂದು... ಮುಖಗಳು ಖಾಲಿ. ಸಂಘದ ಶಿಬಿರಗಳಲ್ಲಿ ನಾವು ಕಲಿತ ಮೊದಲ ಪಾಠ — ಜನರ ಮಾತಿನಲ್ಲೇ ಹೇಳು. ಕಾರ್ಖಾನೆ ಗೊತ್ತಿಲ್ಲದವನಿಗೆ ಕಣ ತೋರಿಸು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಆಗ ತಾಲ್ಲೂಕಿನಲ್ಲಿ ಇರಲಿಲ್ಲ.

"ಒಳಗಿರೋ ಗೆಡ್ಡೇನ ಸುಡ್ತಾರೆ. ಕೊಯ್ಯಲ್ಲ. ಬಿಸಿಯಿಂದ ಸುಟ್ಟುಬಿಟ್ರೆ ಅದು ಸಾಯ್ತದೆ, ಮೈಗೆ ಕರಗಿ ಹೋಗ್ತದೆ."

ದೇವೀರಮ್ಮ ಎಲೆಅಡಿಕೆ ಉಗಿದು ಬಂದಳು. "ಹಂಗಾರೆ ಬರೆ ಇದ್ದಂಗೆ ಅನ್ನು."

ಎಷ್ಟು ಖುಷಿಯಾಯಿತು ನನಗೆ. "ಹೂಂ ಅತ್ತೆ. ಒಳಗಡೆ ಹಾಕೋ ಬರೆ ಅಂದ್ಕಳ್ರಿ."

ಎಲ್ಲರ ಮುಖವೂ ತಿಳಿಯಾಯಿತು. ಅವ್ವ ನನ್ನ ಕಡೆ ನೋಡಿದಳು. ನೋಡಿದೆಯಾ ಅನ್ನುವ ಹಾಗೆ. ಕೋಮಲ ಒಳಗೆ ಕರೆದುಕೊಂಡು ಹೋಗಿ ಹೆಂಗಸರಿಗೆಲ್ಲ ಚೌಕ ತೋರಿಸಿದಳು. ಡಾಕ್ಟ್ರು ಹಾಕಿದ್ದು, ಸರಿಯಾಗಿ ಇಲ್ಲೇ, ಆಚೆಗೂ ಇಲ್ಲ ಈಚೆಗೂ ಇಲ್ಲ.

20 ಅಕ್ಟೋಬರ್, ಅರಸೀಕೆರೆ

ಕುಮಾರನ ಫೋನು. ಮಿಷನ್ನು ಕೆಟ್ಟಿದೆ. ನೀರಿನೊಳಗಿನ ತಟ್ಟೆ. ಬಿಡಿಭಾಗ ವಿದೇಶದಿಂದ ಬರಬೇಕು. ಹದಿನೈದು ದಿನ.

ಕೋಮಲನಿಗೆ ಹೇಳಿದೆ. "ಚೌಕ ಅಳಿಸ್ತಾ ಐತೆ ಅಕ್ಕ." ಪರವಾಗಿಲ್ಲ, ಅವರೇ ಮತ್ತೆ ಹಾಕ್ತಾರೆ ಅಂದೆ. "ಇಲ್ಲ, ನಾನೇ ಬಾಲ್‌ಪೆನ್ನಾಗೆ ತಿದ್ಕತ್ತಿದೀನಿ. ದಿನಾ ಮಿಂದ ಮ್ಯಾಕೆ."

6 ನವೆಂಬರ್

ಮತ್ತೆ ಮುಂದೆ. ಬಿಡಿಭಾಗ ಬಂತು, ಎಂಜಿನಿಯರ್ ಬಂದಿಲ್ಲ. ಡಾ. ಚೈತನ್ಯ ಅವರೇ ಫೋನ್ ಮಾಡಿದ್ದರು, ದನಿಯಲ್ಲಿ ನಾಚಿಕೆ. ಹೊಸ ವರ್ಷ ಕಳೆಯಬೇಕಾಗಬಹುದು. ಅಷ್ಟರಲ್ಲಿ ರಕ್ತಸ್ರಾವ ಜಾಸ್ತಿಯಾದರೆ ಕಾಯಬೇಡಿ ಅಂದರು. ಕಾಯದೆ ಏನು ಮಾಡುವುದು ಅಂತ ಹೇಳಲಿಲ್ಲ.

ಯುವರಾಜ್ ಸ್ಟೇಷನ್ನಿಗೇ ಬಂದಿದ್ದ. ಟೀ ಕುಡಿಸಿದೆ. "ಅಕ್ಕ, ಅವ್ಳು ದಿನಾ ಕವುಚಿ ಮನೀಕತ್ತಾಳೆ. ನೀರು ಕುಡ್ದು. ಮಿಷನ್ನು ಇಲ್ದಿದ್ರೂ." ಲೋಟ ತಿರುಗಿಸುತ್ತಾ ಕೂತಿದ್ದ. "ನೋಡಕ್ಕಾಗಲ್ಲ ಅಕ್ಕ. ಏನಾದ್ರೂ ಮಾಡ್ಬೇಕು."

ಸ್ವಲ್ಪ ತಾಳು ಅಂದೆ. ತಾಳು. ಜನ್ಮವಿಡೀ ನಾನು ಉಗಿದಿರುವ ಮಾತು.

19 ನವೆಂಬರ್, ಗೆಂಡೆಹಳ್ಳಿ

ಬರೆಯಲಾಗುತ್ತಿಲ್ಲ.

21 ನವೆಂಬರ್, ಗೆಂಡೆಹಳ್ಳಿ

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ಇನ್ಯಾರದೋ ತಪ್ಪು ಅಂತ ನಾನೇ ನಂಬಿಬಿಡುತ್ತೇನೆ.

ಭಾನುವಾರ ದೇವೀರಮ್ಮ ಹುಲಿಕೆರೆಗೆ ಅವ್ವನಿಗೆ ಹೇಳಿ ಕಳಿಸಿದ್ದಾಳೆ. ಬೆಂಗಳೂರಿನ ಮಿಷನ್ನು ಕೆಟ್ಟಿತು. ಹುಡುಗಿಯ ಮೈಯಲ್ಲಿ ರಕ್ತ ಉಳಿದಿಲ್ಲ. ಸುಡುವುದು ತಾನೆ, ಜಾಗ ಡಾಕ್ಟರೇ ಗುರುತು ಹಾಕಿಕೊಟ್ಟಿದ್ದಾರೆ. ಬೀಗಿತ್ತಿಯರಿಬ್ಬರೂ ಒಂದಾಗಿದ್ದಾರೆ. ಯುವರಾಜನೇ ಕೋಮಲನನ್ನು ಆಟೋದಲ್ಲಿ ಹುಲಿಕೆರೆಗೆ ಕರೆದೊಯ್ದಿದ್ದಾನೆ. ಚನ್ನಪ್ಪ ಕುಡುಗೋಲಿನ ತುದಿ ಕಾಯಿಸಿದ್ದಾನೆ.

ಚೌಕದೊಳಗೆ. ಪೂರ್ತಿ ಚೌಕ. ಅಕ್ಕಪಕ್ಕ ಕೂರಿಸಿದ ಗೆರೆಗಳು. ಬಾಲ್‌ಪೆನ್ನಿನ ನೀಲಿ ಅಂಚು ಇನ್ನೂ ಇದೆ. ಒಂದು ಎಳೆಯೂ ಅಂಚು ದಾಟಿಲ್ಲ.

ಕೋಮಲ ಮಲಗಿದ್ದಳು, ಅಂಗಾತ. ಅರಿಸಿನ ಮೆತ್ತಿದ್ದರು.

"ನೀನು ಯಾಕೆ ಒಪ್ಕಂಡೆ ಕೋಮಲ?"

"ನೀನೇ ಅಂದ್ಯಲ್ಲ ಅಕ್ಕ. ಬರೆ ಇದ್ದಂಗೆ ಅಂತ."

"ಒಳಗಡೆ ಅಂದಿದ್ದೆ."

"ಒಳಿಕೆ ಇಳೀತದೆ ಅಂದ್ರು. ನಾನು ಕಿರುಚಲಿಲ್ಲ. ಮಿಷನ್ನಾಗೆ ಅಲುಗ್ಬಾರ್ದು ಅಂದಿದ್ರಲ್ಲ. ಅಲುಗಲಿಲ್ಲ."

ಅಲ್ಲಿಂದ ನೇರ ಹುಲಿಕೆರೆಗೆ ಹೋದೆ. ಚನ್ನಪ್ಪನ ಕೊರಳಪಟ್ಟಿ ಹಿಡಿಯಬೇಕು ಅಂತ. ಮುದುಕ ಜಗಲಿ ಮೇಲೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತಿದ್ದ. ಚಾಪೆ ಹಾಸಿದ. ದುಡ್ಡು ಮುಟ್ಟುವವನಲ್ಲ, ಯಾವತ್ತೂ ಮುಟ್ಟಿಲ್ಲ.

"ಒಳ್ಗಡೆ ಹಾಕದು ನಂಗೆ ಬರಲ್ಲ ಕಣವ್ವ ಅಂದೆ. ಮ್ಯಾಲೆ ಹಾಕ್ತೀನಿ, ಇಳಿಯದು ಬುಡದು ಅದರಿಷ್ಟ ಅಂದೆ. ಡಾಕ್ಟ್ರ ಗುರುತು ದಾಟ್ಬಾರ್ದು ಅಂತ ಕೈ ಬಿಗಿ ಹಿಡ್ದು ಹಾಕಿದೀನಿ. ಕಣ್ಣು ಸರಿಯಾಗಿ ಕಾಣಲ್ಲ, ಆದ್ರೂ ದಾಟಿಲ್ಲ ನೋಡು."

ಅವನು ನನ್ನ ಹೊಗಳಿಕೆಗೆ ಕಾಯುತ್ತಿದ್ದ.

25 ನವೆಂಬರ್, ಅರಸೀಕೆರೆ

ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದೆ. ಡಾ. ಚೈತನ್ಯ ಬಟ್ಟೆ ಸರಿಸಿ ನೋಡಿದರು. ಕೈ ತೊಳೆದರು. ಒರೆಸಿಕೊಂಡರು. ಮತ್ತೆ ತೊಳೆದರು.

"ಬೇರೆ ದಾರಿ?" ಅಂದೆ.

"ಇದೊಂದೇ ಇತ್ತು. ಗಾಯ ಒಣಗೋಕೆ ತಿಂಗಳುಗಳು. ಒಣಗಿದ ಮೇಲೂ ಕಲೆ. ಅಲ್ಲಿವರೆಗೆ ಇವರ ರಕ್ತ... ಯಾರು ಹೇಳಿದ್ದು ಇವರಿಗೆ, ಇಲ್ಲಿ ಸುಡಿ ಅಂತ?"

"ನೀವು ಗುರುತು ಹಾಕಿದಿರಿ. ನಾನು ಅರ್ಥ ಹೇಳಿದೆ."

ಅವರ ಮಿಷನ್ನಿನ ಮೇಲೆ ಕೂಗಬೇಕು ಅಂತ ಇತ್ತು. ಒಂದು ತಟ್ಟೆಗೆ, ಒಬ್ಬ ಎಂಜಿನಿಯರಿಗೆ ಕಾದು ಕಾದು ಒಂದು ಹೊಟ್ಟೆ ಹಾಳಾಯಿತು ಅಂತ. ಅದೂ ನಿಜವೇ. ಆದರೆ ಆ ಹುಡುಗ ನಮಗಾಗಿ ದಾರಿ ಹುಡುಕಿದವನು. ಈ ಮೂವತ್ತೆರಡು ವರ್ಷದಲ್ಲಿ ಅಷ್ಟು ಹೊತ್ತು ಅವಳ ಹೊಟ್ಟೆಯನ್ನು ಗಮನ ಕೊಟ್ಟು ನೋಡಿದವರು ಇನ್ನೊಬ್ಬರಿಲ್ಲ.

ಗೇಟಿನ ಹತ್ತಿರ ಕುಮಾರ ಕೆಂಡವಾಗಿದ್ದ. "ಆ ಚನ್ನಪ್ಪನ ಮೇಲೆ ಕಂಪ್ಲೇಂಟ್ ಕೊಡನ ಅಕ್ಕ. ಪೇಪರಿಗೆ ಹೇಳಿಕೆ ಬರಿ. ಮೌಢ್ಯದ ವಿರುದ್ಧ. ನಿನ್ನಷ್ಟು ಚೆನ್ನಾಗಿ ಬರಿಯೋರು ಯಾರವ್ರೆ?"

"ಬರೀತೀನಿ ಬಿಡು. ಮೊದಲ ಆರೋಪಿ ಹೆಸರು ಗಿಡ್ಡಮ್ಮ ಅಂತ ಹಾಕ್ತೀಯಾ?"

"ಹಂಗ್ಯಾಕಂತೀಯಕ್ಕ."

ಇಪ್ಪತ್ತು ವರ್ಷ ಊರೂರಲ್ಲಿ ನಿಂತು ಹೇಳಿದ್ದೇನೆ — ಜನಕ್ಕೆ ಗೊತ್ತಿಲ್ಲ ಅನ್ನಬೇಡಿ, ಗೊತ್ತಾಗುವ ಹಾಗೆ ಹೇಳಲಿಲ್ಲ ಅನ್ನಿ. ನಾನು ಗೊತ್ತಾಗುವ ಹಾಗೆಯೇ ಹೇಳಿದೆ. ಅವರಿಗೆ ಪೂರ್ತಿ ಗೊತ್ತಾಯಿತು.

3 ಡಿಸೆಂಬರ್

ಕೀವು. ಜ್ವರ. ಎರಡು ದಿನ ರಕ್ತ ನಿಲ್ಲಲೇ ಇಲ್ಲ. ಹಾಸನದ ಅದೇ ನರ್ಸಿಂಗ್ ಹೋಮ್. ಬೇರೆ ಕಡೆಗೆ ಕರೆದೊಯ್ಯುವಷ್ಟು ಹೊತ್ತು ಇರಲಿಲ್ಲ. ಎರಡು ಬಾಟಲಿ ರಕ್ತ ಹಾಕಿದರು. ಒಂದು ಯುವರಾಜನದು. ಸರ್ಜನ್ ಗಾಯ ನೋಡಿ ನಮ್ಮನ್ನು ನೋಡಿದ ನೋಟ — ನಾಯಿ ಮೂತಿ ಹಾಕಿದ ಪಾತ್ರೆಯನ್ನು ನೋಡುವ ಹಾಗೆ. ಅವನ ಮುಂದೆ ತಲೆ ತಗ್ಗಿಸಿ ನಿಂತೆ. ಯಾವ ಬಾಯಿಂದ ಮಾತಾಡಲಿ?

ಆಗಸ್ಟಿನಲ್ಲೇ ಮಾಡಿಸಿದ್ದರೆ ಇಷ್ಟು ರಾದ್ಧಾಂತ ಇರಲಿಲ್ಲ ಅಂದ.

ಸೋಮವಾರ ಆಪರೇಷನ್. ಒಪ್ಪಿಗೆಗೆ ಗಂಡನ ಸಹಿ ಬೇಕಂತೆ. ಅವಳ ಗರ್ಭಕೋಶ, ಅವನ ಸಹಿ. ಬೇರೆ ದಿನವಾಗಿದ್ದರೆ ಆ ಕಾಗದ ಹರಿದು ಸರ್ಜನ್ ಮೇಜಿನ ಮೇಲೆ ಎಸೆಯುತ್ತಿದ್ದೆ. ಯುವರಾಜನಿಗೆ ಪೆನ್ನು ಕೊಟ್ಟೆ.

8 ಡಿಸೆಂಬರ್, ಹಾಸನ

ಬೆಳಿಗ್ಗೆ ಸ್ಟ್ರೆಚರ್ ಮೇಲೆ ಹೋಗುವಾಗ ಕೋಮಲ ಸರ್ಜನ್ನನ್ನು ಕೇಳಿದಳು — "ಒಳಗೆ ನೋಡಿ, ಆಗಂಗಿದ್ರೆ ಉಳಿಸ್ಬುಡಿ ಸಾರ್."

"ನೋಡೋಣಮ್ಮ."

ಹೊರಗೆ ನಮಗೆ ಆಗಲೇ ಹೇಳಿಯಾಗಿತ್ತು, ನೋಡುವುದೇನೂ ಇಲ್ಲ ಅಂತ. ನಿಂತಿದ್ದೆವು. ಯುವರಾಜ್, ಅವ್ವ, ದೇವೀರಮ್ಮ, ನಾನು. ಒಬ್ಬರೂ ಬಾಯಿ ಬಿಡಲಿಲ್ಲ. ಅವಳು ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿಕೊಂಡು ಒಳಗೆ ಹೋದಳು.

ಆಮೇಲೆ ನರ್ಸ್ ಬಾಗಿಲು ತೆರೆದು ಕೂಗಿದಳು. "ಕೋಮಲ ಕಡೆಯೋರು ಯಾರು?" ಕೈಯಲ್ಲಿ ಸ್ಟೀಲ್ ಟ್ರೇ. ತೆಗೆದದ್ದನ್ನು ಮನೆಯವರಿಗೆ ತೋರಿಸಬೇಕಂತೆ, ಆಮೇಲೆ ತಕರಾರು ಬರಬಾರದು ಅಂತ. ಯುವರಾಜ್ ಗೋಡೆಯ ಕಡೆ ತಿರುಗಿದ. ದೇವೀರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಎದ್ದೆ, ಮತ್ತೆ ಕೂತೆ.

ಅವ್ವ ಹೋದಳು. ಬಗ್ಗಿ ನೋಡಿದಳು. ಬಹಳ ಹೊತ್ತು. ಮೆತ್ತಗೆ ಕೇಳಿದಳು —

"ಇದ್ನ ನಾವು ತಗಂಡೋಗ್ಬೋದಾ ತಾಯಿ? ಮಣ್ಣಿಗೆ ಹಾಕ್ತೀವಿ."

"ಲ್ಯಾಬಿಗೆ ಕಳಿಸ್ಬೇಕಮ್ಮ. ಆಗಲ್ಲ."

"ಹಂಗಾರೆ ಅಲ್ಲಿ ಎಸೀಬ್ಯಾಡ್ದು ಅಂತ ಹೇಳವ್ವ."

ನರ್ಸ್ ಟ್ರೇಯ ಮೇಲೆ ಬಟ್ಟೆ ಎಳೆದುಕೊಂಡು ಹೋದಳು. ಅವ್ವ ಅಲ್ಲೇ ನಿಂತಿದ್ದಳು, ಕೈಯನ್ನು ಏನೋ ಹಿಡಿದುಕೊಂಡ ಹಾಗೆ ಮುಂದೆ ಚಾಚಿಕೊಂಡು. ನಾನು ಹೋಗಿ ಆ ಕೈ ಇಳಿಸಿದೆ. ಹುಲಿಕೆರೆಯಲ್ಲಿ ಕೂಗಿ ಬಂದ ಮೇಲೆ ಅವಳನ್ನು ಮುಟ್ಟಿದ್ದು ಇದೇ ಮೊದಲು.

8 ಡಿಸೆಂಬರ್, ಮಧ್ಯಾಹ್ನ, ವಾರ್ಡಿನಲ್ಲಿ

ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೇರೆಯವರು ಊಟಕ್ಕೆ ಹೋಗಿದ್ದಾರೆ. ಒಬ್ಬಳೇ ಇರುತ್ತೇನೆ ಅಂದೆ.

ಒಂದು ಸಲ ಕಣ್ಣು ಬಿಟ್ಟಳು. ಅರಿವಳಿಕೆಯ ಮತ್ತು ಇನ್ನೂ ಇಳಿದಿಲ್ಲ, ನಾಲಿಗೆ ದಪ್ಪ. "ಉಳೀತಾ ಅಕ್ಕ?"

ನೀರು ಕೊಡಬಾರದು ಅಂದಿದ್ದಾರೆ. ಬಟ್ಟೆ ಒದ್ದೆ ಮಾಡಿ ತುಟಿಗೆ ಹಚ್ಚಿದೆ. ಮಲಗು ಅಂದೆ. ಮತ್ತೆ ನಿದ್ದೆಗೆ ಜಾರಿದಳು.

ಪಕ್ಕದ ಹಾಸಿಗೆಯ ಹೆಂಗಸು, ಆಲೂರು ಕಡೆಯವಳು, ಅವಳದೂ ತೆಗೆದಾಗಿದೆ. ಪಿಸುಗುಟ್ಟಿದಳು — "ಹೇಳಿಲ್ವಾ ಇನ್ನೂ? ನೀವೇ ಹೇಳ್ಬುಡಿ. ನಂಗೆ ಯಾರೂ ಹೇಳಿರ್ಲಿಲ್ಲ. ಕಸ ಗುಡ್ಸೋಳು ಹೇಳಿದ್ಲು."

ಹೌದು. ನಾನೇ ಹೇಳಬೇಕು. ಆದರೆ ಏನಂತ? ಗೆಡ್ಡೆ ಹೋಯಿತು ಅಂತಲೇ? ಇನ್ನು ರಕ್ತ ಹೋಗಲ್ಲ, ಗಟ್ಟಿಯಾಗ್ತೀಯ ಅಂತಲೇ? ಎಲ್ಲ ನಿಜ. ಎಲ್ಲ ಮೋಸ. ಯಾವ ಪದ ಇಟ್ಟರೂ ಅವಳು ಅದನ್ನು ನಂಬುತ್ತಾಳೆ. ನನ್ನ ಮಾತು ನಂಬುವುದನ್ನು ಆ ಹುಡುಗಿ ಇನ್ನೂ ಬಿಟ್ಟಿಲ್ಲ.

ಕದಲುತ್ತಿದ್ದಾಳೆ. ಕೈ ಹೊದಿಕೆಯ ಕೆಳಗೆ ಹೊಟ್ಟೆಯ ಕಡೆ ಹೋಗುತ್ತಿದೆ. ಬ್ಯಾಂಡೇಜು ಸಿಕ್ಕಿತು. ಕಣ್ಣು ಬಿಟ್ಟಿದ್ದಾಳೆ. ಈ ಸಲ ಪೂರ್ತಿ ಎಚ್ಚರ. ನನ್ನನ್ನೇ ನೋಡುತ್ತಿದ್ದಾಳೆ. ಕೇಳುತ್ತಿಲ್ಲ, ಸುಮ್ಮನೆ ಕಾಯುತ್ತಿದ್ದಾಳೆ. ಪೆನ್ನು ಕೆಳಗಿಟ್ಟು ಅವಳಿಗೆ ಹೇಳುತ್ತೇನೆ, ತೆಗೆದರು ಅಂತ.